ವಿಕೆಡ್‌ನ ಹಸಿರು, ಫ್ಯಾಂಟಮ್‌ನ ಮುಖವಾಡ: ಬ್ರಾಡ್‌ವೇ ಮ್ಯೂಸಿಕಲ್‌ಗಳಿಂದ ಡ್ರ್ಯಾಗನ್ ಮೊಟ್ಟೆ ಮಾಡುವ ಬಗೆ

ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಒಂದಾದ ಗರ್ಶ್‌ವಿನ್ ಥಿಯೇಟರಿನಲ್ಲಿ ‘ವಿಕೆಡ್’ ಎಂಬ ಮ್ಯೂಸಿಕಲ್ (ಹಾಡು ಕುಣಿತದ ನಾಟಕ) ನೋಡಲು ಕೂತವರಿಗೆ ಪರದೆ ಏಳುವ ಮೊದಲೇ ಕಣ್ಣಿಗೆ ಬೀಳುವುದು ಒಂದು ಡ್ರ್ಯಾಗನ್. ರಂಗದ ಚೌಕಟ್ಟಿನ ನೆತ್ತಿಯ ಮೇಲೆ ರೆಕ್ಕೆ ಹರಡಿ ಕೂತ ಲೋಹಬಣ್ಣದ ಪ್ರಾಣಿ ಅದು. ನಾಟಕ ಶುರುವಾದಾಗ ಮಿಸುಕುತ್ತದೆ, ಕಣ್ಣುಗಳು ಕೆಂಪಗೆ ಉರಿಯುತ್ತವೆ. ರಂಗವಿನ್ಯಾಸಕ ಯೂಜೀನ್ ಲೀ ಇಡೀ ರಂಗವನ್ನೇ ಒಂದು ದೊಡ್ಡ ಗಡಿಯಾರದ ಒಡಲಿನಂತೆ ಕಲ್ಪಿಸಿ, ಅದರ ನೆತ್ತಿಗೆ ಈ ‘ಕಾಲದ ಡ್ರ್ಯಾಗನ್’ ಕೂರಿಸಿದ್ದರು. ಆ ಕೆಲಸಕ್ಕೆ 2004ರಲ್ಲಿ ಅವರಿಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಮ್ಯೂಸಿಕಲ್‌ನಿಂದ ಡ್ರ್ಯಾಗನ್ ಮೊಟ್ಟೆ, ಅಂದರೆ ಥರ್ಮೋಕೋಲ್ ಮೊಟ್ಟೆಗೆ ಬಣ್ಣ ಹಚ್ಚಿದ ಪಿನ್‌ಗಳನ್ನು ಹುರುಪೆಯಂತೆ ಚುಚ್ಚಿದ ಅಲಂಕಾರದ ವಸ್ತು, ಮಾಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಹಾಗಾಗಿ ಮೊದಲ ಮೊಟ್ಟೆಯನ್ನು ‘ವಿಕೆಡ್’ ಮೊಟ್ಟೆಯಾಗಿಯೇ ಪೂರ್ತಿ ವಿವರಿಸುತ್ತೇವೆ. ಅದು ಕೈಗೆ ಹತ್ತಿದರೆ ಉಳಿದವು ಸುಲಭ.

ಶುರು ಮಾಡುವ ಮೊದಲು ಒಂದು ಮಾತು. ಪೋಸ್ಟರಿನ ಚಿತ್ರವನ್ನೋ ನಾಟಕದ ಹೆಸರನ್ನೋ ಮೊಟ್ಟೆಯ ಮೇಲೆ ಅಂಟಿಸಿದರೆ ಅದು ಡ್ರ್ಯಾಗನ್ ಮೊಟ್ಟೆ ಆಗಿ ಉಳಿಯುವುದಿಲ್ಲ, ಜಾತ್ರೆಯ ಆಟಿಕೆಯಾಗುತ್ತದೆ. ನಾಟಕದಿಂದ ತೆಗೆದುಕೊಳ್ಳಬೇಕಾದದ್ದು ರಂಗದ ಬಣ್ಣ, ಬೆಳಕು ಬೀಳುವ ದಿಕ್ಕು, ರಂಗಸಜ್ಜಿಕೆ ಯಾವ ವಸ್ತುವಿನದು ಎಂಬ ಅನುಭವ, ಇಷ್ಟೇ. ಅದೂ ಇಡೀ ನಾಟಕದಿಂದಲ್ಲ, ಒಂದೇ ದೃಶ್ಯದಿಂದ. ಒಂದು ಮೊಟ್ಟೆಗೆ ಒಂದು ದೃಶ್ಯ. ಮಾರಾಟಕ್ಕೆ ಮಾಡುವವರಿಗಂತೂ ಇದು ಇನ್ನೂ ಮುಖ್ಯ, ಏಕೆಂದರೆ ನಾಟಕದ ಲಾಂಛನ ಮತ್ತು ಪೋಸ್ಟರ್ ಚಿತ್ರಗಳು ನಿರ್ಮಾಪಕರ ಸ್ವತ್ತು.

ನಾವು ಆರಿಸಿಕೊಂಡ ದೃಶ್ಯ ‘ವಿಕೆಡ್’ನ ಮೊದಲ ಅಂಕದ ಕೊನೆ. ನಾಟಕದ ನಾಯಕಿ, ಹಸಿರು ಮೈಯ ಮಾಟಗಾತಿ ಎಲ್ಫಬಾ ನೆಲ ಬಿಟ್ಟು ಮೇಲೇರುತ್ತಾಳೆ. ಕೆಳಗೆ ಕಪ್ಪು ನಿಲುವಂಗಿ ರಂಗದಗಲಕ್ಕೂ ಹರಡಿಕೊಳ್ಳುತ್ತದೆ, ಮೇಲೆ ಹಸಿರು ಮುಖ. ಮೊಟ್ಟೆಯ ಬಣ್ಣದ ಯೋಜನೆ ಇದರಲ್ಲೇ ಇದೆ: ಬುಡದಲ್ಲಿ ಕಪ್ಪು, ನಡುವೆ ಕಪ್ಪನ್ನು ಸೀಳಿಕೊಂಡು ಬರುವ ಕಡುಹಸಿರು, ಮೇಲೆ ಪಚ್ಚೆ, ತುದಿಯಲ್ಲಿ ಬೆಳಕು.

ಬೇಕಾಗುವ ಸಾಮಾನು

10 ಸೆಂ.ಮೀ. ಎತ್ತರ, 7 ಸೆಂ.ಮೀ. ಅಗಲದ ಥರ್ಮೋಕೋಲ್ ಮೊಟ್ಟೆ ಒಂದು. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭವಾಗಿ ಗುಳಿ ಬಿದ್ದರೆ ಬೇಡ, ಅದರಲ್ಲಿ ಪಿನ್ ನಿಲ್ಲುವುದಿಲ್ಲ. ಕಾಳುಗಳು ಸಣ್ಣದಾಗಿ, ಒತ್ತಾಗಿ ಇರುವ ಗಟ್ಟಿ ಮೊಟ್ಟೆ ಬೇಕು.

ಹುರುಪೆಗಳಿಗೆ ಡ್ರಾಯಿಂಗ್ ಪಿನ್. ತಲೆ ಚಪ್ಪಟೆಯಾಗಿ, ಸುಮಾರು 10 ಮಿ.ಮೀ. ಅಗಲ ಇರಲಿ. ಪ್ಲಾಸ್ಟಿಕ್ ತಲೆಯ ಬೋರ್ಡ್ ಪಿನ್ ಬೇಡ. ಒಂದು ಹುರುಪೆಯ ಅರ್ಧದಷ್ಟನ್ನು ಮೇಲಿನದು ಮುಚ್ಚುವುದರಿಂದ ಒಂದೊಂದು ಪಿನ್‌ಗೂ ಕಾಣುವ ಜಾಗ ಸುಮಾರು ಅರ್ಧ ಚದರ ಸೆಂ.ಮೀ. ಈ ಅಳತೆಯ ಮೊಟ್ಟೆಗೆ 350ರಿಂದ 370 ಪಿನ್ ಹಿಡಿಯುತ್ತವೆ. 400 ತನ್ನಿ, ಕೆಲವು ಬಾಗುತ್ತವೆ, ಕೆಲವಕ್ಕೆ ಬಣ್ಣ ಕೆಡುತ್ತದೆ. 15 ಸೆಂ.ಮೀ. ಮೊಟ್ಟೆಗೆ ಹೋದರೆ ಲೆಕ್ಕ ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗೂ ಹೆಚ್ಚು: ಸುಮಾರು 900. ಎತ್ತರ ನೋಡಿ ಪಿನ್ ಕೊಳ್ಳುವವರು ಮೊದಲು ಎಡವುವುದು ಇಲ್ಲೇ.

ನೇಲ್ ಪಾಲಿಶ್ ನಾಲ್ಕು ಬಗೆ: ಕಪ್ಪು, ಕಡುಹಸಿರು, ಮಿನುಗುವ ಪಚ್ಚೆ ಹಸಿರು, ತಿಳಿಹಸಿರು ಅಥವಾ ಮುತ್ತಿನ ಬಣ್ಣ. 9–10 ಮಿ.ಲೀ. ಬಾಟಲಿ ಒಂದೊಂದು ಸಾಕು. ಜೊತೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು. ಫೆವಿಕಾಲ್, ಟಿಶ್ಯೂ ಕಾಗದ, ಕಪ್ಪು ಆಕ್ರಿಲಿಕ್ ಬಣ್ಣ, 220 ನಂಬರಿನ ಸ್ಯಾಂಡ್ ಪೇಪರ್, ಸರ್ಜಿಕಲ್ ಸ್ಪಿರಿಟ್, ಕಟಿಂಗ್ ಪ್ಲೇಯರ್, ಅಲೆಯಲೆಯ ರಟ್ಟಿನ ಪೆಟ್ಟಿಗೆಯ ತುಂಡುಗಳು. ಹೆಬ್ಬೆರಳು ನೋಯದಂತೆ ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ ಇದ್ದರೆ ಒಳ್ಳೆಯದು. ಮುನ್ನೂರೈವತ್ತು ಪಿನ್ ಬರಿಗೈಯಲ್ಲಿ ಒತ್ತಿದರೆ ಮಾರನೆಯ ದಿನ ಲೋಟ ಹಿಡಿಯುವುದೂ ಕಷ್ಟ.

ಮೊದಲ ದಿನ: ಮೊಟ್ಟೆ ಸಿದ್ಧ ಮಾಡುವುದು

ಬಿಳಿ ಥರ್ಮೋಕೋಲ್ ಮೇಲೆ ನೇರವಾಗಿ ಪಿನ್ ಚುಚ್ಚಿದರೆ ಹುರುಪೆಗಳ ಸಂದಿಯಲ್ಲಿ ಬಿಳಿ ಇಣುಕುತ್ತದೆ. ಹಸಿರು ಕಪ್ಪಿನ ನಡುವೆ ಅದು ದೂರದಿಂದಲೇ ಕಾಣುತ್ತದೆ. ಆದ್ದರಿಂದ ಫೆವಿಕಾಲ್‌ಗೆ ಸಮಪ್ರಮಾಣದ ನೀರು ಬೆರೆಸಿ, ಟಿಶ್ಯೂ ಕಾಗದವನ್ನು ಎರಡು ಬೆರಳಗಲದ ಚೂರುಗಳಾಗಿ ಹರಿದು ಒಂದು ಪದರ ಅಂಟಿಸಿ. ಕತ್ತರಿಸಬೇಡಿ, ಹರಿಯಿರಿ: ಹರಿದ ಅಂಚು ಮೇಲ್ಮೈಯಲ್ಲಿ ಕರಗಿಹೋಗುತ್ತದೆ, ಕತ್ತರಿಸಿದ ಅಂಚು ಏಣಾಗಿ ನಿಲ್ಲುತ್ತದೆ. ಒಂದೇ ಪದರ ಸಾಕು, ಮೂರಾದರೆ ಪಿನ್ ಬಾಗುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೆ ಒಣಗುವುದು ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ತೆಗೆದುಕೊಳ್ಳುತ್ತದೆ. ಮುಟ್ಟಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಎಂದೇ ಅರ್ಥ. ಒಣಗಿದ ಮೇಲೆ ಕಪ್ಪು ಆಕ್ರಿಲಿಕ್ ಒಂದು ಕೈ.

ಇಲ್ಲಿ ಸ್ಪ್ರೇ ಪೇಂಟ್ ಬಳಸಬೇಡಿ. ಡಬ್ಬಿಯ ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಕಾಗದದ ಪದರದಲ್ಲಿ ಒಂದು ಸಣ್ಣ ತೂತಿದ್ದರೂ ಅದರೊಳಗೆ ಇಳಿದು ಮೊಟ್ಟೆಯಲ್ಲಿ ಗುಂಡಿ ಮಾಡುತ್ತದೆ. ನೇಲ್ ಪಾಲಿಶ್‌ದೂ ಅದೇ ಗುಣ. ಸೂಪರ್ ಗ್ಲೂ ಸಹ ಥರ್ಮೋಕೋಲಿಗೆ ಆಗದು. ಪಿನ್‌ಗಳಿಗೆ ಮೊದಲೇ ಬಣ್ಣ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಚುಚ್ಚುವುದು ಇದೇ ಕಾರಣಕ್ಕೆ.

ಬಣ್ಣ ಒಣಗಿದ ಮೇಲೆ ಗೆರೆ. ಮೊಟ್ಟೆಯ ದಪ್ಪ ತುದಿಯಿಂದ ಚೂಪು ತುದಿಯವರೆಗೆ 6 ಮಿ.ಮೀ.ಗೆ ಒಂದರಂತೆ ಉದ್ದಕ್ಕೂ ಗುರುತು ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಅದರ ಗುಂಟ ಬಿಳಿ ಪೆನ್ಸಿಲಿನಿಂದ ಉಂಗುರ ಎಳೆಯಿರಿ. ಸುಮಾರು 22 ಸಾಲು ಬರುತ್ತವೆ. ಗೆರೆ ಇಲ್ಲದೆ ಕಣ್ಣಂದಾಜಿನಲ್ಲಿ ಚುಚ್ಚುತ್ತ ಹೋದರೆ ಏಳೆಂಟು ಸಾಲಿಗೆ ಒಂದು ಬದಿ ಮೇಲೇರಿ, ಕೊನೆಯ ಪಿನ್ ತುದಿಯಲ್ಲಿ ಬರದೆ ಪಕ್ಕಕ್ಕೆ ಹೋಗಿ ಕೂರುತ್ತದೆ. ಆಮೇಲೆ ಸರಿಪಡಿಸಲು ಕಿತ್ತೇ ಆಗಬೇಕು.

ಪಿನ್‌ಗೆ ಬಣ್ಣ

ಪಿನ್‌ಗಳನ್ನು ರಟ್ಟಿನಲ್ಲಿ ಸಾಲಾಗಿ ಅರ್ಧದವರೆಗೆ ಚುಚ್ಚಿ. ಥರ್ಮೋಕೋಲ್ ಹಾಳೆಯಲ್ಲಿ ಚುಚ್ಚಬೇಡಿ, ಸೋರಿದ ನೇಲ್ ಪಾಲಿಶ್ ಅದನ್ನು ತಿಂದು ಪಿನ್‌ಗೆ ಮೆತ್ತಿಕೊಳ್ಳುತ್ತದೆ. ತಲೆಗಳನ್ನು ಸ್ಯಾಂಡ್ ಪೇಪರಿನಿಂದ ಎರಡು ಸಲ ಉಜ್ಜಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕಾರ್ಖಾನೆಯ ಎಣ್ಣೆಪಸೆ ಉಳಿದರೆ ಬಣ್ಣ ಆಮೇಲೆ ಸಿಪ್ಪೆಯಂತೆ ಏಳುತ್ತದೆ.

ಬಣ್ಣದ ಲೆಕ್ಕ ಹೀಗೆ: ಕಪ್ಪು 130, ಕಡುಹಸಿರು 90, ಪಚ್ಚೆ 125, ತಿಳಿಬಣ್ಣ 10. ಉಳಿದ 45ನ್ನು ಹಾಗೇ ಇಟ್ಟುಕೊಂಡು ಯಾವುದು ಸಾಲದೋ ಅದಕ್ಕೆ ಬಳಸಿ. ಪಚ್ಚೆಗೆ ಒಂದು ಉಪಾಯ ಇದೆ: ಮೊದಲ ಕೈ ಕಪ್ಪು ಹಚ್ಚಿ, ಒಣಗಿದ ಮೇಲೆ ಮಿನುಗು ಹಸಿರನ್ನು ತೆಳ್ಳಗೆ ಎಳೆಯಿರಿ. ಕಪ್ಪಿನ ಮೇಲೆ ಬಂದ ಮಿನುಗಿಗೆ ಆಳ ಬರುತ್ತದೆ, ನಾಟಕದ ಮೊದಲ ಅಂಕದ ಪಚ್ಚೆ ನಗರದ ಹಾಗೆ ಬೆಳಕು ಒಳಗಿನಿಂದ ಬಂದಂತೆ ತೋರುತ್ತದೆ. ನೇರವಾಗಿ ಹಿತ್ತಾಳೆಯ ಮೇಲೆ ಹಚ್ಚಿದರೆ ಅದೇ ಬಣ್ಣ ಹಳದಿಗೆ ತಿರುಗಿ ಗಿಣಿಹಸಿರಾಗುತ್ತದೆ.

ಎರಡು ತೆಳುವಾದ ಕೈ, ನಡುವೆ ಅರ್ಧ ಗಂಟೆ. ಕೊನೆಯ ಕೈ ಆದಮೇಲೆ ಒಂದು ದಿನ ಪೂರ್ತಿ ಬಿಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಹೆಬ್ಬೆರಳಿನಿಂದ ಒತ್ತುವಾಗ ಬೆರಳಚ್ಚು ಮೂಡುವುದು ಈ ಒಂದು ದಿನ ಕಾಯದವರಿಗೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ನಾನೂರು ಪಿನ್‌ಗೆ ನೇಲ್ ಪಾಲಿಶ್ ಹಚ್ಚಿದ ಕೋಣೆಯಲ್ಲಿ ಉಸಿರಾಡುವುದು ತಲೆನೋವಿಗೆ ದಾರಿ, ದೀಪ ಒಲೆ ಹತ್ತಿರ ಇರಲೇಬಾರದು.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಪಿನ್‌ಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪವಿರುವ ಉಕ್ಕು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಬಣ್ಣವಿಲ್ಲದ ಅಂಚಿನಿಂದ ತುಕ್ಕು ಶುರುವಾಗುತ್ತದೆ. ತಲೆಯ ಅಂಚು ಮತ್ತು ಅಡಿಭಾಗಕ್ಕೂ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಕೈ ಎಳೆಯಿರಿ.

ಚುಚ್ಚುವುದು: ಹಂಚು ಹೊದಿಸಿದ ಹಾಗೆ

ಮಾಡಿಗೆ ಮಂಗಳೂರು ಹಂಚು ಹೊದಿಸುವವರು ಸೂರಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ, ಮೇಲಿನ ಹಂಚು ಕೆಳಗಿನದರ ಮೇಲೆ ಕೂರುತ್ತದೆ. ಇಲ್ಲೂ ಅದೇ ಕ್ರಮ. ಲೋಟದ ಬಾಯಿಗೆ ಬಟ್ಟೆ ಹಾಸಿ, ಅದರಲ್ಲಿ ಮೊಟ್ಟೆಯನ್ನು ದಪ್ಪ ತುದಿ ಮೇಲಾಗಿ ನಿಲ್ಲಿಸಿ. ನಡುಮಧ್ಯೆ ಒಂದು ಕಪ್ಪು ಪಿನ್. ಅದರ ಸುತ್ತ ಐದು, ಅದರ ಸುತ್ತ ಒಂಬತ್ತು, ಆಮೇಲೆ ಹದಿಮೂರು, ಹದಿನಾರು, ಹದಿನೆಂಟು, ಇಪ್ಪತ್ತು. ಹೊಟ್ಟೆಯ ಭಾಗದಲ್ಲಿ ಸಾಲಿಗೆ 24ರ ತನಕ ಹೋಗುತ್ತದೆ, ಅಲ್ಲಿಂದಾಚೆ ಅದೇ ಲೆಕ್ಕ ಇಳಿಯುತ್ತ ಬರುತ್ತದೆ. ಮೂರು ಸಾಲು ಮುಗಿದ ಮೇಲೆ ಮೊಟ್ಟೆಯನ್ನು ತಿರುಗಿಸಿ ಲೋಟದಲ್ಲಿ ಕೂರಿಸಿಕೊಳ್ಳಿ.

ಪ್ರತಿ ಹೊಸ ಪಿನ್ ಕೆಳಸಾಲಿನ ಎರಡು ಪಿನ್‌ಗಳ ಸಂದಿಯ ಮೇಲೆ ಬರಬೇಕು. ಎರಡು ಪಿನ್‌ಗಳ ನಡುವಿನ ದೂರ ಮಧ್ಯದಿಂದ ಮಧ್ಯಕ್ಕೆ 9 ಮಿ.ಮೀ. ತಲೆಯ ಕೆಳ ಅಂಚು ಹಿಂದಿನ ಸಾಲಿನ ಮೇಲೆ ಒರಗಲಿ, ಮೇಲಿನ ಅಂಚು ಮೊಟ್ಟೆಗೆ ತಾಗಲಿ. ಒಂದೇ ಒತ್ತಿಗೆ ಪೂರ್ತಿ ಒಳಗೆ ತಳ್ಳಬೇಡಿ. ಒಂದು ಸಾಲು ಮುಕ್ಕಾಲು ಭಾಗ ಚುಚ್ಚಿ, ಅಂತರ ಹಂಚಿಕೊಂಡು, ಆಮೇಲೆ ಎಲ್ಲವನ್ನೂ ಒತ್ತಿ ಕೂರಿಸಿ. ಒಂದೇ ಗುಳಿಗೆ ಎರಡು ಸಲ ಚುಚ್ಚಿದ ಪಿನ್ ಸಡಿಲ. ಅಂಥದಕ್ಕೆ ಮೊನೆಯನ್ನು ಫೆವಿಕಾಲಿನಲ್ಲಿ ಅದ್ದಿ ಹಾಕಿ.

ಏಳು ಸಾಲು ಬರೀ ಕಪ್ಪು. ಎಂಟರಿಂದ ಹನ್ನೊಂದರವರೆಗೆ ಕಪ್ಪು ಮತ್ತು ಕಡುಹಸಿರು ಬೆರಕೆ. ಇಲ್ಲಿ ಮಾತ್ರ ಗಮನ ಕೊಡಿ, ಮೊಟ್ಟೆಯ ಜೀವ ಇರುವುದು ಇಲ್ಲೇ. ಒಂದು ಕಪ್ಪು ಒಂದು ಹಸಿರು ಎಂದು ಸರದಿಯಲ್ಲಿ ಚುಚ್ಚಿದರೆ ಚದುರಂಗದ ಮಣೆಯಾಗುತ್ತದೆ. ನಿಲುವಂಗಿಯ ನೆರಿಗೆಗಳು ಮೇಲೆದ್ದಂತೆ ಐದಾರು ಕಡೆ ಕಪ್ಪು ತ್ರಿಕೋನಗಳನ್ನು ಎಬ್ಬಿಸಿ: ಎಂಟನೇ ಸಾಲಿನಲ್ಲಿ ಮೂರು ಕಪ್ಪು ಒಟ್ಟಿಗೆ, ಒಂಬತ್ತರಲ್ಲಿ ಎರಡು, ಹತ್ತರಲ್ಲಿ ಒಂದು. ಎಲ್ಲ ತ್ರಿಕೋನಗಳೂ ಒಂದೇ ಎತ್ತರ ಬೇಡ. ಒಂದೆರಡು ಹನ್ನೊಂದನೇ ಸಾಲಿನವರೆಗೆ ಹೋಗಲಿ, ಮೊಟ್ಟೆಯ ಮುಖಭಾಗದ್ದು ಎಲ್ಲಕ್ಕಿಂತ ಉದ್ದವಿರಲಿ. ಹನ್ನೆರಡರಿಂದ ಹದಿನಾಲ್ಕು ಕಡುಹಸಿರು ಮತ್ತು ಪಚ್ಚೆ, ಹದಿನೈದರಿಂದ ಪಚ್ಚೆ ಮಾತ್ರ, ಕೊನೆಯ ಎರಡು ಸಾಲು ತಿಳಿಬಣ್ಣ.

ಹದಿನೇಳನೇ ಸಾಲಿನ ನಂತರ ಮೊಟ್ಟೆ ಬೇಗ ಕಿರಿದಾಗುತ್ತದೆ. ಪಿನ್‌ನ ಮೊನೆಗಳು ಒಳಗೆ ಒಂದಕ್ಕೊಂದು ತಾಗಿ, ಹೊಸ ಪಿನ್ ಅರ್ಧಕ್ಕೇ ನಿಂತುಬಿಡುತ್ತದೆ. ಬಲವಂತವಾಗಿ ತಳ್ಳಿದರೆ ತುದಿಯೇ ಒಡೆದು ಬರುತ್ತದೆ. ಕೊನೆಯ ಐದು ಸಾಲಿನ ಪಿನ್‌ಗಳ ಮೊನೆಯನ್ನು ಪ್ಲೇಯರಿನಿಂದ 5 ಮಿ.ಮೀ.ಗೆ ಕತ್ತರಿಸಿ, ಫೆವಿಕಾಲ್ ಹಚ್ಚಿ ಕೂರಿಸಿ. ಕತ್ತರಿಸುವಾಗ ಚೂರು ಹಾರುತ್ತದೆ, ಪಿನ್ನನ್ನು ಬಟ್ಟೆಯೊಳಗೆ ಹಿಡಿದು ಕತ್ತರಿಸಿ, ಕನ್ನಡಕ ಇರಲಿ. ಕೆಲಸ ಮುಗಿದ ಮೇಲೆ ನೆಲದ ಮೇಲೆ ಅಯಸ್ಕಾಂತ ಆಡಿಸಿ. ಹಿತ್ತಾಳೆಯದೇ ಪಿನ್ ಆದರೆ ಅಯಸ್ಕಾಂತಕ್ಕೆ ಸಿಗದು, ಗುಡಿಸಿ ಎಣಿಸಬೇಕು.

ಸಾಲಿನ ಕೊನೆಯಲ್ಲಿ ಅರ್ಧ ಪಿನ್ ಜಾಗ ಉಳಿದರೆ ಆ ದೋಷವನ್ನು ಮೊಟ್ಟೆಯ ಬೆನ್ನಿಗೆ ತಳ್ಳಿ. ಮುಖ ಯಾವುದು, ಬೆನ್ನು ಯಾವುದು ಎಂದು ಮೊದಲ ದಿನವೇ ಗುರುತು ಹಾಕಿಕೊಂಡಿದ್ದರೆ ಇದು ಸುಲಭ.

ಗಡಿಯಾರದ ಪೀಠ

ಮೊಟ್ಟೆಗೆ ಹಲ್ಲುಚಕ್ರ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಚಕ್ರಗಳ ಜಾಗ ಪೀಠ. ರಂಗದಲ್ಲೂ ಗಡಿಯಾರ ಚೌಕಟ್ಟಾಗಿಯೇ ನಿಂತಿತ್ತು, ಪಾತ್ರಗಳ ಮೈಮೇಲೆ ಬಂದಿರಲಿಲ್ಲ.

63 ಮಿ.ಮೀ. ಪಿವಿಸಿ ಪೈಪಿನ 4 ಸೆಂ.ಮೀ. ತುಂಡು ಒಂದು ಸಾಕು. ಮೊಟ್ಟೆಯ ಬುಡ ಅದರೊಳಗೆ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು ಇಳಿಯುತ್ತದೆ, ಪೈಪು ಗಿಡ್ಡವಾದರೆ ಬುಡ ನೆಲಕ್ಕೆ ತಾಗಿ ಮೊಟ್ಟೆ ಅಲ್ಲಾಡುತ್ತದೆ. ಇದೇ ಅಳತೆ ಕೊಟ್ಟು ಚನ್ನಪಟ್ಟಣದ ಕುಶಲಕರ್ಮಿಗಳಿಂದ ಮರದ ಬಳೆ ಕಡೆಸಿಕೊಂಡರೆ ಅರಗಿನ ಹೊಳಪು ಪಿನ್‌ಗಳ ಹೊಳಪಿಗೆ ಚೆನ್ನಾಗಿ ಹೊಂದುತ್ತದೆ. ಒಳ ಅಗಲ 58 ಮಿ.ಮೀ. ಎಂದು ಹೇಳಿ, ಹೊರ ಅಗಲ ಅವರ ಇಷ್ಟ.

ಹಲ್ಲುಚಕ್ರಗಳನ್ನು 2 ಮಿ.ಮೀ. ದಪ್ಪದ ರಟ್ಟಿನಲ್ಲಿ ಕತ್ತರಿಸಿ. ದೊಡ್ಡದು 6 ಸೆಂ.ಮೀ. ಅಗಲ, 24 ಹಲ್ಲು. ನಡುವಿನದು 4 ಸೆಂ.ಮೀ., 16 ಹಲ್ಲು. ಚಿಕ್ಕದು 3 ಸೆಂ.ಮೀ., 12 ಹಲ್ಲು. ಈ ಲೆಕ್ಕದಲ್ಲಿ ಮೂರರ ಹಲ್ಲೂ ಸಂದೂ ಸುಮಾರು ನಾಲ್ಕು ನಾಲ್ಕು ಮಿ.ಮೀ. ಬರುವುದರಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಲ್ಲಿನ ಅಳತೆ ಬೇರೆ ಬೇರೆಯಾದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಸುಳ್ಳು ಗಡಿಯಾರ ಎನ್ನಿಸುತ್ತದೆ. ಬಣ್ಣಕ್ಕೆ ಮೊದಲು ಕಪ್ಪು. ಆಮೇಲೆ ಬ್ರಷ್ಷಿನ ತುದಿಗೆ ತಾಮ್ರದ ಬಣ್ಣ ಮುಟ್ಟಿಸಿ, ಕಾಗದದ ಮೇಲೆ ಮುಕ್ಕಾಲು ಒರೆಸಿ, ಉಳಿದ ಒಣಬಣ್ಣವನ್ನು ಅಂಚುಗಳ ಮೇಲೆ ಮಾತ್ರ ಸವರಿ.

ಡ್ರ್ಯಾಗನ್‌ನ ಕಣ್ಣಿಗೆ ಪೈಪಿನ ಮುಂಭಾಗದಲ್ಲಿ 5 ಮಿ.ಮೀ. ತೂತು ಎರಡು, ಅದರಲ್ಲಿ 5 ಮಿ.ಮೀ. ಕೆಂಪು ಎಲ್‌ಇಡಿ ಎರಡು. ಎರಡು ಎಎ ಸೆಲ್‌ನ ಪೆಟ್ಟಿಗೆಯಿಂದ 3 ವೋಲ್ಟ್. ಪ್ರತಿ ಎಲ್‌ಇಡಿಗೆ ಅದರದೇ 100 ಓಮ್ ರೆಸಿಸ್ಟರ್ ಹಾಕಿ, ಉದ್ದ ಕಾಲು ಪ್ಲಸ್‌ಗೆ. ದಿನಕ್ಕೆ ಎರಡು ಗಂಟೆ ಉರಿಸಿದರೆ ತಿಂಗಳ ಮೇಲೆ ಬರುತ್ತದೆ. ಹಸಿರು ಅಥವಾ ಬಿಳಿ ಎಲ್‌ಇಡಿ ಹಾಕಿದರೆ ಇದೇ ಸೆಲ್‌ನಲ್ಲಿ ಮಂಕಾಗುತ್ತದೆ, ಅವಕ್ಕೇ 3 ವೋಲ್ಟ್ ಹತ್ತಿರ ಬೇಕು. ಗುಂಡಿಯಂಥ ಚಪ್ಪಟೆ ಸೆಲ್ ಬಳಸುವ ದೀಪದ ಸರವನ್ನು ಮಕ್ಕಳಿರುವ ಮನೆಯಲ್ಲಿ ತರಲೇಬೇಡಿ. ನುಂಗಿದರೆ ಅದು ಅನ್ನನಾಳವನ್ನೇ ಸುಡುತ್ತದೆ.

ಫ್ಯಾಂಟಮ್ ಮೊಟ್ಟೆ: ಅರ್ಧ ನುಣುಪು, ಅರ್ಧ ಹುರುಪೆ

‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ 1986ರ ಅಕ್ಟೋಬರ್ 9ರಂದು ಲಂಡನ್ನಿನಲ್ಲಿ ತೆರೆಕಂಡಿತು. ಬ್ರಾಡ್‌ವೇಯಲ್ಲಿ 1988ರ ಜನವರಿ 26ರಿಂದ 2023ರ ಏಪ್ರಿಲ್ 16ರವರೆಗೆ 13,981 ಪ್ರದರ್ಶನ ಕಂಡಿತು. ಮರಿಯಾ ಬಿಯಾರ್ನ್‌ಸನ್ ಅವರ ವಿನ್ಯಾಸದಲ್ಲಿ ಮೊಟ್ಟೆಗೆ ಬೇಕಾದದ್ದು ಎರಡು: ಆಪೆರಾ ಮನೆಯಲ್ಲಿ ಅಡಗಿರುವ ನಾಯಕ ಫ್ಯಾಂಟಮ್‌ನ ಮುಖದ ಅರ್ಧ ಮುಚ್ಚುವ ಬಿಳಿ ಮುಖವಾಡ, ಮತ್ತು ಮೇಲಿನಿಂದ ಬೀಳುವ ದೀಪಗುಚ್ಛ.

ಮುಖವಾಡ ಇರುವುದು ಫ್ಯಾಂಟಮ್‌ನ ಬಲಬದಿಗೆ. ಮೊಟ್ಟೆ ನಮ್ಮನ್ನು ನೋಡುತ್ತಿದೆ ಎಂದುಕೊಂಡರೆ ಆ ಬದಿ ನಮ್ಮ ಎಡಕ್ಕೆ ಬರುತ್ತದೆ. ಇದನ್ನು ತಿರುಗುಮುರುಗು ಮಾಡುವವರೇ ಹೆಚ್ಚು.

ನುಣುಪು ಭಾಗ ಮೊದಲು. ಹುರುಪೆ ಬರಬೇಕಾದ ಅರ್ಧಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ ಮುಚ್ಚಿ, ಇಲ್ಲದಿದ್ದರೆ ಪುಟ್ಟಿ ಹರಡಿಕೊಂಡು ಗಟ್ಟಿಯಾಗಿ ಆಮೇಲೆ ಪಿನ್ ಇಳಿಯುವುದಿಲ್ಲ. ಉಳಿದರ್ಧಕ್ಕೆ ಟಿಶ್ಯೂ ಮೂರು ಪದರ, ಅದರ ಮೇಲೆ ಗೋಡೆಗೆ ಬಳಸುವ ಆಕ್ರಿಲಿಕ್ ಪುಟ್ಟಿ. ಒಂದು ಸಲಕ್ಕೆ 1 ಮಿ.ಮೀ. ಮೀರಬಾರದು. ಒಟ್ಟಿಗೆ ಬಳಿದ ಮೂರು ಮಿ.ಮೀ. ಹೊರಗೆ ಒಣಗಿ, ಒಳಗೆ ಹಸಿಯಿದ್ದು, ಕೆರೆಯ ಕೆಸರಿನಂತೆ ಬಿರುಕು ಬಿಡುತ್ತದೆ. ಕೈಗಳ ನಡುವೆ ಏಳೆಂಟು ಗಂಟೆ. ಮೂರು ಕೈ ಆದ ಮೇಲೆ 180, ಆಮೇಲೆ 320 ನಂಬರಿನ ಸ್ಯಾಂಡ್ ಪೇಪರ್. ಹುಬ್ಬಿನ ಏರು, ಕಣ್ಣಿನ ತಗ್ಗು ಇವೆರಡನ್ನೂ ಪುಟ್ಟಿಯಲ್ಲೇ ಸೂಚಿಸಿದರೆ ಸಾಕು. ಮೂಗು, ಬಾಯಿ ಬಿಡಿಸಲು ಹೋದರೆ ಮೊಟ್ಟೆ ಹೋಗಿ ಗೊಂಬೆಯ ತಲೆ ಬರುತ್ತದೆ. ಬಣ್ಣ ಅಚ್ಚಬಿಳಿ ಆಗಬಾರದು, ಅದು ಮತ್ತೆ ಥರ್ಮೋಕೋಲಿನಂತೆಯೇ ಕಾಣುತ್ತದೆ. ಒಂದು ಚಮಚ ಬಿಳಿಗೆ ಗುಂಡುಪಿನ್ನಿನ ತಲೆಯಷ್ಟು ಕಾವಿ ಬಣ್ಣ ಬೆರೆಸಿ.

ಟೇಪ್ ಕಿತ್ತು, ಗಡಿಯ ಗುಂಟ 2 ಮಿ.ಮೀ. ದಪ್ಪದ ಜೇಡಿಯ ಅಂಚು ಕೂರಿಸಿ, ಅದರ ಮಗ್ಗುಲಿಗೆ ಪಿನ್ ಸಾಲುಗಳನ್ನು ತಂದು ನಿಲ್ಲಿಸಿ. ಅರ್ಧ ಮೊಟ್ಟೆಗೆ 185 ಪಿನ್: ಕಪ್ಪು 110, ದ್ರಾಕ್ಷಿಗೆಂಪು 60, ಚಿನ್ನ 15. ಚಿನ್ನವನ್ನು ಚೆಲ್ಲಾಡದೆ ಗಡಿಯ ಹತ್ತಿರ ಮಾತ್ರ ಇಡಿ.

ದೀಪಗುಚ್ಛಕ್ಕೆ ತುದಿಯಲ್ಲಿ 3 ಸೆಂ.ಮೀ. ಅಗಲದ ತಂತಿಯ ಬಳೆ, ಅದರಿಂದ ಜೋಲುವ 16 ಎಳೆ, ಎಳೆಗೆ 4 ಮಿ.ಮೀ.ನ 15 ಗಾಜಿನ ಮಣಿ, ಒಟ್ಟು 240. ಬಳೆಯನ್ನು ನೆಟ್ಟಗೆ ಕೂರಿಸದೆ ಒಂದು ಬದಿಗೆ ಸ್ವಲ್ಪ ವಾಲಿಸಿ. ಕಥೆಯ ಪ್ಯಾರಿಸ್ ಆಪೆರಾ ಮನೆಯಲ್ಲಿ 1896ರಲ್ಲಿ ದೀಪಗುಚ್ಛದ ಸಮತೂಕದ ಗುಂಡೊಂದು ನಿಜವಾಗಿಯೂ ಕಳಚಿ ಬಿದ್ದು ಒಬ್ಬರು ಸತ್ತಿದ್ದರು. ಬೀಳಲು ಹೊರಟ ಆ ಕ್ಷಣವೇ ನಮಗೆ ಬೇಕಾದದ್ದು. ಗಂಟಿಗೆ ಸೂಪರ್ ಗ್ಲೂ ಹಾಕಬೇಡಿ, ಅದರ ಆವಿ ಹತ್ತಿರದ ಮಣಿಗಳ ಮೇಲೆ ಬಿಳಿ ಮಂಜಿನಂತೆ ಕೂತು ಹೊಳಪು ತೆಗೆಯುತ್ತದೆ. ಮೊಟ್ಟೆಗೆ ಏರಿಸುವ ಮೊದಲೇ ಬಣ್ಣವಿಲ್ಲದ ನೇಲ್ ಪಾಲಿಶ್‌ನ ಒಂದು ಹನಿ ಹಾಕಿ ಒಣಗಿಸಿ.

ಲೆ ಮಿಸರಾಬ್ಲ್: ಗೂಡೇ ಮುಖ್ಯ

1832ರ ಜೂನ್‌ನ ಪ್ಯಾರಿಸ್ ದಂಗೆಯ ಸುತ್ತ ಕಟ್ಟಿದ ಈ ಮ್ಯೂಸಿಕಲ್‌ಗೆ ರಂಗವಿನ್ಯಾಸಕ ಜಾನ್ ನೇಪಿಯರ್ ಮಾಡಿದ ಬೀದಿಯ ಅಡ್ಡಗಟ್ಟೆ, ಮುರಿದ ಮೇಜು ಕುರ್ಚಿಗಳ ಆ ಗುಡ್ಡೆ, ಯಾರಿಗೂ ಮರೆಯುವಂಥದ್ದಲ್ಲ. ಆದ್ದರಿಂದ ಇಲ್ಲಿ ಮೊಟ್ಟೆಯನ್ನು ಸುಮ್ಮನಿರಿಸಿ: ಬೂದು ಮತ್ತು ಮಸಿಗಪ್ಪು ಪಿನ್ ಮಾತ್ರ, ಮಿನುಗು ಬೇಡವೇ ಬೇಡ. ಹೊಳೆಯುವ ನೇಲ್ ಪಾಲಿಶ್ ಬದಲು ಮ್ಯಾಟ್ ಬಗೆಯದು. ಕೆಲಸ ಎಲ್ಲ ಗೂಡಿನಲ್ಲಿ. ಐಸ್‌ಕ್ರೀಮ್ ಕಡ್ಡಿ, ಬೆಂಕಿಕಡ್ಡಿಗಳಿಂದ ಪುಟ್ಟ ಕುರ್ಚಿ, ಏಣಿ, ಗಾಡಿಯ ಗಾಲಿ ಮೊದಲು ಸರಿಯಾಗಿ ಕಟ್ಟಿ, ಆಮೇಲೆ ಮುರಿಯಿರಿ. ಮುರಿದಂತೆ ಕಟ್ಟಲು ಹೋದರೆ ಕಡ್ಡಿಗಳ ರಾಶಿ ಆಗುತ್ತದೆಯೇ ಹೊರತು ಮುರಿದ ಕುರ್ಚಿ ಆಗುವುದಿಲ್ಲ. ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ಹಳೆಯ ಮರದ ಬಣ್ಣ ಬರುತ್ತದೆ. ಇಡೀ ಕೃತಿಯಲ್ಲಿ ಬಣ್ಣ ಒಂದೇ ಕಡೆ: ಗೂಡಿನ ಸಂದಿಯಲ್ಲಿ ಸಿಕ್ಕಿಕೊಂಡ ಎರಡು ಸೆಂ.ಮೀ.ನ ಹರಿದ ಕೆಂಪು ಬಟ್ಟೆ.

ಇಟ್ಟುಕೊಳ್ಳುವುದು

ನೇರ ಬಿಸಿಲಿಗೆ ಇಟ್ಟರೆ ಬಣ್ಣ ಮಂಕಾಗುತ್ತದೆ, ಕೆಂಪು ಎಲ್ಲಕ್ಕಿಂತ ಮೊದಲು. ಒದ್ದೆ ಬಟ್ಟೆಯಿಂದ ಒರೆಸಬೇಡಿ, ನೀರು ಹುರುಪೆಯ ಕೆಳಗೆ ನಿಂತು ತುಕ್ಕು ಹಿಡಿಸುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ತುದಿಯಿಂದ ಬುಡದ ಕಡೆಗೆ ಸವರಿ, ಎದುರು ದಿಕ್ಕಿಗೆ ಸವರಿದರೆ ಕೂದಲು ಪಿನ್‌ಗಳಡಿ ಸಿಕ್ಕಿಕೊಳ್ಳುತ್ತದೆ. ಒಂದು ಪಿನ್ ಬಣ್ಣ ಕಳೆದುಕೊಂಡರೆ ಅದನ್ನು ಕೀಳಲು ಹೋಗಬೇಡಿ, ಮೇಲಿನ ಎರಡು ಸಡಿಲಾಗುತ್ತವೆ. ಅದೇ ನೇಲ್ ಪಾಲಿಶ್‌ನ ಒಂದು ತೆಳುಹನಿಯನ್ನು ಬೆಂಕಿಕಡ್ಡಿಯ ತುದಿಯಿಂದ ತಲೆಯ ನಡುವೆ ಇಟ್ಟು ಅಂಚಿನವರೆಗೆ ಎಳೆಯಿರಿ. ಅಂಚು ದಾಟಿ ಕೆಳಗೆ ಸೋರದಂತೆ ಮೊಟ್ಟೆಯನ್ನು ಒಣಗುವ ತನಕ ಆ ಬದಿ ಮೇಲಾಗಿ ಮಲಗಿಸಿಡಿ. ಈ ತಿದ್ದುಪಡಿಗಾಗಿ ಪ್ರತಿ ಬಣ್ಣದ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿಸಿಡಿ, ಜೊತೆಗೆ ಬಣ್ಣ ಹಚ್ಚಿದ ಹತ್ತು ಪಿನ್‌ಗಳನ್ನೂ ಒಂದು ಡಬ್ಬಿಯಲ್ಲಿ.